ಬೋರವ್ವನ ಮುಖ ಇದ್ದ ಜಾಗ

ಫೋಟೋ ತಿದ್ದುವ ಫೋಟೋಶಾಪ್ ಸಾಫ್ಟ್‌ವೇರಿಗೆ ತಿಂಗಳ ಬಾಡಿಗೆ ಎರಡು ಸಾವಿರದ ಹತ್ತಿರ. ಕೆರೂರ ಬಸ್ ನಿಲ್ದಾಣದ ಹಿಂದಿನ ಒಂದು ಖೋಲಿಯ ಅಂಗಡಿಗೂ ಹೆಚ್ಚುಕಡಿಮೆ ಅಷ್ಟೇ. ಪ್ರಿಂಟರಿನ ಮಸಿ ಬೇರೆ, ಫೋಟೋ ಕಾಗದ ಬೇರೆ, ಕರೆಂಟು ಬೇರೆ. ಹರಿದ ಹಳೇ ಫೋಟೋ ಒಂದನ್ನು ಸರಿಮಾಡಿ ಚೌಕಟ್ಟು ಹಾಕಿಕೊಟ್ಟರೆ ಜನ ಕೊಡುವುದು ಮುನ್ನೂರು, ಅದರಲ್ಲೂ ಚೌಕಾಸಿ. ಮನೆಯಲ್ಲಿ ಹಾಲು ಕುಡಿಯುವ ಕೂಸಿರುವ ತಂದೆ ಈ ಲೆಕ್ಕ ಹಾಕಿದರೆ ಪುಕ್ಕಟೆ ಸಿಗುವ ಸಾಫ್ಟ್‌ವೇರನ್ನೇ ಹುಡುಕುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ಮಹಾಂತೇಶನೂ ಅದನ್ನೇ ಹುಡುಕುತ್ತಿದ್ದ. ಹುಬ್ಬಳ್ಳಿಯಲ್ಲಿ ಅವನು ದುಡಿಯುತ್ತಿದ್ದ ಕಲರ್ ಲ್ಯಾಬು ಮುಚ್ಚಿಹೋದ ಮೇಲೆ ಹೆಂಡತಿ ರಾಜಶ್ರೀ, ಮಗಳು ಮಹೇಶ್ವರಿ, ಒಂದು ಹಳೇ ಕಂಪ್ಯೂಟರು, ಒಂದು ಸ್ಕ್ಯಾನರು, ಇಷ್ಟನ್ನು ಕಟ್ಟಿಕೊಂಡು ಈ ಊರಿಗೆ ಬಂದಿದ್ದ. ಅಂಗಡಿಯ ಹಿಂದಿನ ಎರಡು ಖೋಲಿಗಳೇ ಮನೆ.

“ಕಲೆ ತಗಿ ತಮ್ಮಾ. ಹರದಿದ್ದು ಜೋಡಸು. ಆದ್ರ ಆ ಮಾರಿ ಮಾತ್ರ ಮಾಡಬ್ಯಾಡ.”

ಹೇಳಿದವಳು ಬೇವೂರಿನ ರಾಮವ್ವ. ಎಪ್ಪತ್ತರ ಹತ್ತಿರದ ಹೆಂಗಸು. ಅಂಗಡಿಯೊಳಗೆ ಕುರ್ಚಿಯಲ್ಲಿ ಕೂತಿದ್ದರೂ ಸೆರಗನ್ನು ಮೂಗಿನ ತನಕ ಎಳೆದುಕೊಂಡಿದ್ದಳು. ಅವಳ ಅಂಗೈ ಮೇಜಿನ ಮೇಲಿದ್ದ ಫೋಟೋದ ಒಂದು ಜಾಗವನ್ನು ಮುಚ್ಚಿ ಹಿಡಿದಿತ್ತು. ಪಕ್ಕದಲ್ಲಿ ನಿಂತವನು ಅವಳ ಅಕ್ಕನ ಮಗ ಅಮಾತೆಪ್ಪ. ಕುರಿ ಸಾಕುವವನು, ಹೆಗಲ ಮೇಲೆ ಕಂಬಳಿ, ಐವತ್ತರ ಗಟ್ಟಿ ಆಳು.

“ಚಿಗವ್ವಾ, ಕೈ ತಗಿ. ನಾ ಬಂದಿದ್ದ ಆ ಮಾರಿ ಸಲುವಾಗಿ,” ಎಂದು ಅವನು ಅವಳ ಕೈಯನ್ನು ಮೆಲ್ಲಗೆ ಸರಿಸಿದ.

ಬಾದಾಮಿಯ ಯಾವುದೋ ಸ್ಟುಡಿಯೋದಲ್ಲಿ, ಕಂಬಗಳ ಚಿತ್ರ ಬರೆದ ಪರದೆಯ ಮುಂದೆ ತೆಗೆಸಿದ ಕಪ್ಪು ಬಿಳುಪು ಫೋಟೋ. ತಲೆಗೆ ಪಟಕಾ ಸುತ್ತಿದ ಗಂಡಸು ನಿಂತಿದ್ದ. ಅವನ ಮುಂದೆ ಕುರ್ಚಿಯಲ್ಲಿ ಒಬ್ಬ ಹೆಂಗಸು, ಅವಳ ತೊಡೆಯ ಮೇಲೆ ಕೂಸು, ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ಹೆಂಗಸಿನ ಕೈಯ ಬಳೆ ಇತ್ತು, ಕೊರಳ ಸರ ಇತ್ತು, ತಲೆಯ ಮೇಲೆ ಹೊದ್ದ ಸೆರಗಿನ ಅಂಚೂ ಇತ್ತು. ಮುಖ ಇರಲಿಲ್ಲ. ಸೆರಗಿನ ಚೌಕಟ್ಟಿನೊಳಗೆ ಯಾರೋ ತಾಳ್ಮೆಯಿಂದ ಕೆರೆದು, ಕೆರೆದು, ಕಾಗದದ ಬಿಳಿ ತಿರುಳನ್ನು ಹೊರಗೆ ಹಾಕಿದ್ದರು.

“ಬೋರವ್ವ ಅಂತ, ನಮ್ಮವ್ವ,” ಎಂದ ಅಮಾತೆಪ್ಪ. “ನಿಂತಾಂವ ನಮ್ಮಪ್ಪ, ಆ ಹುಡುಗಿ ನಮ್ಮಕ್ಕ, ಇಬ್ರೂ ಈಗ ಇಲ್ಲ. ಅವ್ವ ನಾ ತೊಡಿ ಮ್ಯಾಲಿನ ಕೂಸಿದ್ದಾಗ ಹೋದ್ಲು ಸರ್. ಆಕಿ ಮಾರಿ ಹೆಂಗಿತ್ತು ಅನ್ನೂದು ನನಗ ಗೊತ್ತಿಲ್ಲ. ಕನಸಿನ್ಯಾಗ ಬಂದ್ರೂ ಬೆನ್ನ ಮಾಡಿ ಕುಂದರತಾಳ.”

“ಅದು ಕಟ್ಟು ಹಾಕಿದ ಫೋಟೋ ತಮ್ಮಾ. ಮಾಟದ್ದು,” ಎಂದಳು ರಾಮವ್ವ. ಅವಳ ದನಿ ಇಳಿಯಿತು. “ಆ ಜಾಗಾ ಖಾಲಿ ಇರೂತನಕ ಚಲೋ. ತುಂಬಿದಿ ಅಂದ್ರ ಒಳಗ ಮಲಗಿದ್ದು ಎದ್ದ ಕುಂದರತೈತಿ.”

ಮಹಾಂತೇಶ ನಕ್ಕ. “ಆಯಿ, ನಾವು ಬಸವಣ್ಣನ ಒಕ್ಕಲು. ಕೊರಳಾಗ ಲಿಂಗ ಕಟಗೊಂಡವರಿಗೆ ಮಾಟ ಹತ್ತಂಗಿಲ್ಲ. ಹತ್ತೂದಾದ್ರ ಬಾಡಗಿ ಬಾಡಗಿ ಅಂತ ಕಾಡೂ ನಮ್ಮ ಮಾಲಕಗ ಹತ್ತಲಿ, ಪುಣ್ಯಾ ಬರ್ತೈತಿ ನಿಮಗ.”

ಅಮಾತೆಪ್ಪನೂ ನಕ್ಕ. ರಾಮವ್ವ ನಗಲಿಲ್ಲ.

“ಒಂದು ಕೆಲಸಾ ಮಾಡೂಣು,” ಎಂದು ಮಹಾಂತೇಶ ಮೊಬೈಲು ಎತ್ತಿಕೊಂಡ. “ನೀವು ಒಡಹುಟ್ಟಿದ ತಂಗಿ. ಸೆರಗು ಸರಿಸ್ರಿ, ನಿಮ್ಮದೊಂದು ಫೋಟೋ ಹೊಡಕೋತೇನಿ. ಅದರ ಮ್ಯಾಲಿಂದ ಅಕ್ಕನ ಮಾರಿ ಕೂಡಸಾಕ ಬರ್ತೈತಿ.”

ಮುದುಕಿ ದಡಕ್ಕನೆ ಎದ್ದಳು. ಸೆರಗು ಗದ್ದದ ತನಕ ಇಳಿಯಿತು. “ನನ್ನ ಮಾರಿ ಕೇಳಬ್ಯಾಡ,” ಎಂದಷ್ಟೇ ಹೇಳಿ ಹೊರಗಿನ ಬಿಸಿಲಿಗೆ ನಡೆದಳು.

“ಆಕಿ ಹಂಗರಿ,” ಎಂದ ಅಮಾತೆಪ್ಪ ನಾಚಿಕೆಯಿಂದ. “ಸಾಕಿ ಸಲವಿದಾಕಿ ಆಕೀನ. ಖರೆ ಹೇಳ್ಬೇಕಂದ್ರ ಆಕಿ ಪೂರಾ ಮಾರಿ ನಾನೂ ಒಂದಿನ ನೋಡಿಲ್ಲ. ನೀವು ಮಾಡ್ರಿ ಸರ್. ಹೆಂಗರ ಮಾಡ್ರಿ.”

*

ಮಹಾಂತೇಶ ಮೊದಲು ಮೊಬೈಲಿನ ಪುಕ್ಕಟೆ ಆ್ಯಪೊಂದನ್ನು ನೋಡಿದ. ಫೋಟೋ ಕೊಟ್ಟರೆ ಅದು ತಾನೇ ಮುಖಗಳನ್ನು ಹುಡುಕಿ, ಒಂದೊಂದರ ಸುತ್ತ ಹಳದಿ ಚೌಕ ಕಟ್ಟುತ್ತದೆ. ಗಂಡಸಿಗೆ ಕಟ್ಟಿತು, ಹುಡುಗಿಗೆ ಕಟ್ಟಿತು, ಕೂಸಿಗೆ ಕಟ್ಟಿತು. ನಾಲ್ಕನೆಯ ಚೌಕ ಹೆಂಗಸಿನ ತಲೆಯ ಹತ್ತಿರ ಬಂದು ನಡುಗಿತು. ಹಿಂದೆ ಸರಿಯಿತು. ಅವರ ಹಿಂದಿನ ಪರದೆಯ ಕತ್ತಲ ಮೂಲೆಯಲ್ಲಿ, ಯಾರೂ ಇಲ್ಲದ ಕಡೆ, ಒಂದು ಮುಖದಷ್ಟು ಎತ್ತರದಲ್ಲಿ ಹೋಗಿ ನಿಂತಿತು. ಅವನು ಮೊಬೈಲಿನ ಗಾಜನ್ನು ಅಂಗಿಯಿಂದ ಒರೆಸಿ ಮತ್ತೆ ನೋಡಿದ. ಅಲ್ಲೇ ಇತ್ತು. ಕೊನೆಗೆ ಆ್ಯಪು ಎಲ್ಲರಿಗೂ ಸುಣ್ಣ ಬಳಿದಂತೆ ಬಿಳುಪು ಮಾಡಿ, ಮೂಲೆಯಲ್ಲಿ ತನ್ನ ಹೆಸರನ್ನು ಅಚ್ಚೊತ್ತಿ ಕೊಟ್ಟಿತು. ಇದು ಬೇಡವೆಂದು ತೆಗೆದುಹಾಕಿದ.

ಎರಡನೆಯದು ಒಂದು ವೆಬ್‌ಸೈಟು. ಇಲ್ಲದ ಮುಖವನ್ನು ಅದು ಊಹಿಸಿ ಕೊಡುತ್ತದೆ. ಒಮ್ಮೆ ಒಬ್ಬ ಕೆಂಪು ಕೆನ್ನೆಯ ಹುಡುಗಿ ಬಂದಳು, ಇನ್ನೊಮ್ಮೆ ಬೇರೊಬ್ಬಳು. ಇಳಿಸಿಕೊಳ್ಳಲು ದುಡ್ಡು ಕೇಳಿತು. ಹಿಂದೆ ನಿಂತು ನೋಡುತ್ತಿದ್ದ ರಾಜಶ್ರೀ, “ಇದು ಅವರವ್ವ ಅಲ್ರಿ, ಪೌಡರ್ ಜಾಹೀರಾತಿನಾಕಿ,” ಎಂದಳು.

ಮೂರನೆಯದು ಜಿಂಪ್ ಎಂಬ ಸಾಫ್ಟ್‌ವೇರು. ಪೂರಾ ಪುಕ್ಕಟೆ. ತನ್ನ ಹೆಸರು ಒತ್ತುವುದಿಲ್ಲ, ಇಂಟರ್ನೆಟ್ ಬೇಡ, ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಕಲಿಯುವುದಷ್ಟೇ ಕಷ್ಟ. ಇದರ ಕ್ಲೋನ್ ಎಂಬ ಅಚ್ಚಿನ ಕುಂಚಕ್ಕೆ ಊಹೆ ಗೊತ್ತಿಲ್ಲ. ಕಂಟ್ರೋಲ್ ಕೀಲಿ ಒತ್ತಿ ಹಿಡಿದು, ಎಲ್ಲಿಂದ ತೆಗೆಯಬೇಕೆಂದು ಮೊದಲು ತೋರಿಸಬೇಕು. ಆಮೇಲೆ ಎಲ್ಲಿ ಹಚ್ಚಬೇಕೋ ಅಲ್ಲಿ ತಿಕ್ಕಬೇಕು. ತೋರಿಸಿದ ಕಡೆಯದನ್ನೇ ತಂದು ಕೇಳಿದ ಕಡೆ ಹಚ್ಚುತ್ತದೆ. ಮಹಾಂತೇಶನಿಗೆ ಅದು ಹಿಡಿಸಿತು. ಕೈಕೆಲಸ ಬಲ್ಲವನಿಗೆ ಇದೇ ಸರಿ ಅನ್ನಿಸಿತು.

ಕೂತು ಬೂಷ್ಟಿನ ಕಲೆ ತೆಗೆದ. ಮಡಿಕೆಯ ಗೆರೆ ಅಳಿಸಿದ. ಗಂಡಸಿನ ಪಟಕಾದ ನೆರಿಗೆಗಳು ಮರಳಿ ಕಂಡವು. ಸ್ಕ್ಯಾನರಿನ ಮುಚ್ಚಳ ತೆರೆದಾಗಲೆಲ್ಲ ಒಂದು ವಾಸನೆ ಏಳುತ್ತಿತ್ತು. ಬೇವಿನ ಹೊಗೆ, ತೊಯ್ದ ಕಂಬಳಿ, ಇವೆರಡರ ಕೆಳಗೆ ಹುಳಿತ ಹಾಲು. ಕುರಿ ಸಾಕುವವರ ಮನೆಯ ಫೋಟೋ, ಇರುತ್ತದೆ ಎಂದುಕೊಂಡ.

ಇನ್ನು ಉಳಿದದ್ದು ಮುಖ. ಕಂಪ್ಯೂಟರಿನಲ್ಲಿ ರಾಜಶ್ರೀಯ ಒಂದು ಫೋಟೋ ಇತ್ತು. ಬನಶಂಕರಿ ಗುಡಿಯ ಹೊಂಡದ ದಂಡೆಯಲ್ಲಿ, ತಲೆಯ ಮೇಲೆ ಸೆರಗು ಹೊದ್ದು ಕೂತದ್ದು. ಕತ್ತು ಅದೇ ಕಡೆ ವಾಲಿತ್ತು, ಬೆಳಕೂ ಅದೇ ಕಡೆಯಿಂದ.

“ರಾಜೀ, ನಿನ್ನ ಮಾರಿ ಸ್ವಲ್ಪ ಬೇಕಾಗೈತಿ.”

“ಬಾಡಗಿ ಕೊಡ್ತೀರೇನು?”

“ಐವತ್ತು ರೂಪಾಯಿ.”

“ಅಷ್ಟ ಅಗ್ಗದ್ದೇನ್ರಿ ನನ್ನ ಮಾರಿ!” ಅವಳು ನಕ್ಕಳು. ಸೊಂಟದ ಮೇಲಿನ ಕೂಸು ಅವಳ ನಗುವನ್ನು ನೋಡಿ ತಾನೂ ನಕ್ಕಿತು. ಆಮೇಲೆ ಅವಳು ಕೇಳಿದಳು, “ಇದು ನನ್ನ ಮಾರಿ ಅಂತ ಅವರಿಗೆ ಹೇಳ್ತೀರಿ ಹೌದಲ್ಲೊ?”

“ಹೇಳಿದ್ರ ಆಂವ ಒಯ್ಯಂಗಿಲ್ಲ. ಸುಮ್ನಿರು. ಅವ್ವ ಸಿಕ್ಕಳು ಅಂತ ಖುಷಿ ಪಡಲಿ.”

ಕಂಟ್ರೋಲ್ ಒತ್ತಿ ರಾಜಶ್ರೀಯ ಎಡಗಣ್ಣು ತೋರಿಸಿದ. ಬಿಳಿ ಜಾಗದ ಮೇಲೆ ತಿಕ್ಕಿದ. ಕಣ್ಣು ಬಂತು. ಬಲಗಣ್ಣು ಬಂತು. ಮೂಗು, ಮೂಗಿನ ಕೆಳಗಿನ ನೆರಳು. ರಾಜಶ್ರೀಯ ಸೊಂಟದ ಮೇಲಿನ ಕೂಸು ಅವಳ ಮುಖವನ್ನೇ ನೋಡುತ್ತಿತ್ತು. ತುಟಿ ಬಂತು. ಕೂಸಿನ ನಗು ನಿಂತಿತು. ಗದ್ದದ ಕೊನೆಯ ಚೂರನ್ನು ಹಚ್ಚಿದಾಗ ಅದು ತಣ್ಣೀರಿಗೆ ಬಿದ್ದವರ ಹಾಗೆ ಒಮ್ಮೆ ಉಸಿರು ಒಳಗೆಳೆದುಕೊಂಡಿತು. ಆಮೇಲೆ ಚೀರಿತು.

*

ಮರುದಿನ ಅಮಾತೆಪ್ಪ ಒಬ್ಬನೇ ಬಂದ. ಚೌಕಟ್ಟಿನ ಮೇಲಿನ ಕಾಗದ ತೆಗೆದಾಗ ಅವನು ಆ ಮುಖ ನೋಡುತ್ತ ನೆಲದ ಮೇಲೆ ಕೂತುಬಿಟ್ಟ. ಸೊಂಟದ ಚೀಲದಿಂದ ಬೀರಪ್ಪ ದೇವರ ಭಂಡಾರದ ಅರಿಷಿಣ ಪುಡಿ ತೆಗೆದು ಗಾಜಿನ ಮೇಲೆ, ಆ ಹಣೆಗೆ ಹಚ್ಚಿದ. “ಯವ್ವಾ, ಎಲ್ಲಿದ್ದಿ ಇಷ್ಟ ದಿನಾ,” ಎಂದ. ಚೌಕಾಸಿ ಮಾಡಲಿಲ್ಲ. ಕೇಳಿದ್ದನ್ನು ಕೊಟ್ಟು, ಫೋಟೋವನ್ನು ಕಂಬಳಿಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದ. ಆ ಸಂಭ್ರಮದಲ್ಲಿ ಹಳೇ ಮೂಲ ಫೋಟೋ ಕೇಳುವುದನ್ನೇ ಮರೆತ. ಮಹಾಂತೇಶ ಅದನ್ನು ಮೇಜಿನ ಖಾನೆಗೆ ಹಾಕಿದ. ಒಳಗಿನ ಮನೆಯಿಂದ ಕೂಸಿನ ಚೀರಾಟ ಇನ್ನೂ ಕೇಳುತ್ತಿತ್ತು.

ಹೊಟ್ಟೆನೋವು ಅಂದುಕೊಂಡರು. ದೃಷ್ಟಿ ತೆಗೆದರು. ಆದರೆ ಅಳುವಿಗೆ ಒಂದು ರೀತಿ ಇತ್ತು, ಅದು ಬೇಗ ಗೊತ್ತಾಯಿತು. ರಾಜಶ್ರೀ ಹೊರಗೆ ಹೋದರೆ ಕೂಸು ಬಾಗಿಲ ಕಡೆ ಕೈ ಚಾಚಿ, ತಾಯಿ ಬೇಕೆಂದು ಅಳುತ್ತಿತ್ತು. ರಾಜಶ್ರೀ ಒಳಗೆ ಬಂದರೆ ಅವಳ ಮುಖ ನೋಡಿ, ಬೆನ್ನು ಬಿಲ್ಲಾಗಿ ಬಾಗಿ, ಅಂಜಿ ಚೀರುತ್ತಿತ್ತು. ಎದೆಗೆ ಹಿಡಿದರೆ ಬಾಯಿ ತುಂಬ ಹಾಲೆಳೆದು ಮೇಲೆ ನೋಡುವುದು, ನೋಡಿದೊಡನೆ ಉಗುಳುವುದು. ಬಾಟಲಿಯ ಹಾಲನ್ನು ಮುಟ್ಟಲಿಲ್ಲ. ಪಕ್ಕದ ಮನೆಯ ಪದ್ಮವ್ವ ಎತ್ತಿಕೊಂಡು ಚಮಚದಲ್ಲಿ ಹಾಕಿದ್ದನ್ನೂ ಹೊರಗೆ ಹಾಕಿತು.

“ಸೆರಗ ಮುಚಿಗೊಂಡು ಕುಡಸಿ ನೋಡವಾ,” ಎಂದಳು ಪದ್ಮವ್ವ.

ರಾಜಶ್ರೀ ಮುಖದ ಮೇಲೆ ಸೆರಗು ಎಳೆದುಕೊಂಡಳು. ಕೂಸು ಕುಡಿಯಿತು. ಇಡೀ ಮನೆ ಉಸಿರು ಹಿಡಿದು ಆ ಗುಟುಕಿನ ಸದ್ದನ್ನು ಕೇಳಿತು. ಒಂದು ದಿನ ಹಾಗೇ ನಡೆಯಿತು. ಎರಡನೆಯ ದಿನ ಪುಟ್ಟ ಬೆರಳು ಸೆರಗನ್ನು ಹಿಡಿದು ಎಳೆಯಿತು. ಅವತ್ತು ಕೂಸಿಗೆ ಮೊದಲ ಸಲ ಫಿಟ್ಸ್ ಬಂತು.

ಬಾಗಲಕೋಟೆಯ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ರಕ್ತ ನೋಡಿದರು, ತಲೆಯ ಚಿತ್ರ ತೆಗೆದರು. ಕೂಸಿಗೆ ಏನೂ ಆಗಿಲ್ಲ, ಆದರೆ ಹಾಲು ಕುಡಿಯದಿದ್ದರೆ ಬಹಳ ದಿನ ತಡೆಯುವುದಿಲ್ಲ ಅಂದರು. ಅವರು ಹೇಳಿದ್ದು ಎರಡೂ ಖರೆಯೇ ಆಗಿತ್ತು. ಮನೆಗೆ ಕರೆತಂದಾಗ ಕೂಸಿನ ನೆತ್ತಿ ತಗ್ಗಾಗಿತ್ತು. ಈಗ ಅದು ತಾಯಿಯ ದನಿ ಕೇಳಿದರೂ ನಡುಗುತ್ತಿತ್ತು.

“ನನಗೇನಾಗೇತ್ರಿ?” ರಾಜಶ್ರೀ ಕನ್ನಡಿಯ ಮುಂದೆ ನಿಂತು ಕೇಳಿದಳು. “ನನ್ನ ಮಾರಿ ಹಂಗ ಐತೆಲ್ಲ? ಹಂಗ ಐತೆಲ್ರಿ?”

ಮಹಾಂತೇಶ ಅಂಗಡಿಗೆ ಬಂದು ಖಾನೆ ಎಳೆದ. ಹುಳಿತ ಹಾಲಿನ ನಾತ ಮುಖಕ್ಕೆ ಹೊಡೆಯಿತು.

ಹಳೇ ಫೋಟೋದಲ್ಲಿ ಬಿಳಿ ಜಾಗ ಇರಲಿಲ್ಲ.

ಕೆರೆದ ಕಾಗದದ ಮೇಲೆ ಮುಖ ಬೆಳೆದಿತ್ತು. ಅಚ್ಚಾದದ್ದಲ್ಲ, ಗಾಯದ ಮೇಲೆ ತೊಗಲು ಬಂದ ಹಾಗೆ ಬಂದದ್ದು. ರಾಜಶ್ರೀಯ ಕಣ್ಣು. ರಾಜಶ್ರೀಯ ತುಟಿ. ತೊಡೆಯ ಮೇಲಿನ ಕೂಸು ಮೊದಲು ಎದುರು ನೋಡುತ್ತಿತ್ತು. ಈಗ ಕತ್ತು ತಿರುಗಿಸಿ ಆ ಮುಖವನ್ನು ನೋಡುತ್ತಿತ್ತು. ಅದರ ಬಾಯಿ ಅಗಲವಾಗಿ ತೆರೆದಿತ್ತು.

ಅವನು ಕಂಪ್ಯೂಟರಿನಲ್ಲಿದ್ದ ಆ ಫೋಟೋದ ಕಡತಗಳನ್ನೆಲ್ಲ ಅಳಿಸಿದ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಮೊಬೈಲಿನಲ್ಲಿದ್ದದ್ದನ್ನೂ ಅಳಿಸಿದ. ಒಳಗೆ ಕೂಸಿನ ಅಳು ಅಳಿಯಲಿಲ್ಲ.

*

ಬೇವೂರಿನ ಮನೆಯಲ್ಲಿ ಫೋಟೋಕ್ಕೆ ಹೂವಿನ ಹಾರ ಬಿದ್ದಿತ್ತು. ಗಾಜಿನ ಮೇಲೆ ಭಂಡಾರ, ಮುಂದೆ ದೀಪ. ಅಂಗಳದಲ್ಲಿ ಅಮಾತೆಪ್ಪನ ಎಳೆಯ ಮೊಮ್ಮಗ ಅಂಬೆಗಾಲಿಡುತ್ತಿದ್ದ.

“ವಾಪಸ್?” ಅಮಾತೆಪ್ಪ ನಂಬಲಿಲ್ಲ. “ಸರ್, ನಿಮ್ಮ ರೊಕ್ಕ ಕೊಟ್ಟೇನಿ. ಇನ್ನೂ ಬೇಕಂದ್ರ ಹೇಳ್ರಿ, ಒಂದು ಕುರಿ ಹೊಡಕೊಂಡ ಹೋಗ್ರಿ. ಅವ್ವನ್ನ ಕೊಡಂಗಿಲ್ಲ.”

“ಅಮಾತೆಪ್ಪಾ, ಆಕಿ ನಿಮ್ಮವ್ವ ಅಲ್ಲ.”

“ಏನಂದ್ರಿ?”

“ಆ ಮಾರಿ ನನ್ನ ಹೇಣ್ತಿದು. ಆಕಿ ಫೋಟೋದಿಂದ ತಗದು ಹಚ್ಚೇನಿ. ನಿಮಗ ಹೇಳಲಿಲ್ಲ. ನನ್ನ ಕೂಸು ಸಾಯಾಕತ್ತೈತಿ.”

ಅಮಾತೆಪ್ಪ ಫೋಟೋ ನೋಡಿದ. ಮಹಾಂತೇಶನನ್ನು ನೋಡಿದ. ಮತ್ತೆ ಫೋಟೋ ನೋಡಿದ. ಹೊಡೆಯುತ್ತಾನೆ ಎಂದು ಮಹಾಂತೇಶ ಕಾದ. ಹೊಡೆದಿದ್ದರೆ ಅವನಿಗೆ ಸಮಾಧಾನ ಆಗುತ್ತಿತ್ತು. ಅಮಾತೆಪ್ಪ ಕಟ್ಟೆಯ ಮೇಲೆ ಕೂತ.

“ದಿನಾ ಮುಂಜಾನಿ ಮಾತಾಡ್ಸತಿದ್ದೆ ನಾ,” ಎಂದ. “ಯಾರನ್ನ ಮಾತಾಡ್ಸತಿದ್ನೋ.”

ಒಳಗಿನಿಂದ ರಾಮವ್ವ ಬಂದಳು. ಕೂಸಿನ ಸಂಗತಿ ಕೇಳುತ್ತಿದ್ದಂತೆ ಅವಳು ಗೋಡೆ ಹಿಡಿದುಕೊಂಡಳು. ಇಷ್ಟು ವರ್ಷ ಅಕ್ಕನ ಮಗನಿಗೂ ಹೇಳದೆ ಇಟ್ಟುಕೊಂಡದ್ದನ್ನು ಅವಳು ಆಗ ಹೇಳಿದಳು. ಬೋರವ್ವನ ಓರಗಿತ್ತಿಗೆ ಮಕ್ಕಳಿರಲಿಲ್ಲ. ಅಮಾತೆಪ್ಪ ಹುಟ್ಟಿದ ವರ್ಷ ಅವಳು ಹೊಳೆ ದಾಟಿ ಹೋಗಿ ಮಾಟ ಮಾಡಿಸಿದಳು. ಹೆತ್ತ ಕೂಸು ಹೆತ್ತವಳ ಮುಖ ನೋಡಿ ಅಂಜಲಿ ಎಂದು.

“ನೀ ಹಿಂಗ ಚೀರತಿದ್ದಿ, ಅಮಾತಿ. ನಿನ್ನ ಉಳಸಾಕ ಆಕಿ ಬಾವಿ ಬಿದ್ಲು. ಆದ್ರೂ ನಿನ್ನ ಅಳು ನಿಲ್ಲಲಿಲ್ಲ. ನನ್ನ ಮಾರಿ ಅಕ್ಕನ ಮಾರೀನ ಹೋಲತಿತ್ತು, ನಾ ಎತಗೊಂಡ್ರೂ ಚೀರತಿದ್ದಿ. ಆಗ ಒಬ್ಬ ಮಂತ್ರದಾಂವ ಬಂದು ಜಾಲಿಮುಳ್ಳಿಲೆ ಫೋಟೋದಾಗಿನ ಮಾರಿ ಕೆರದು, ಆ ಮಾಟಾನ ಬಿಳಿ ಜಾಗಾದಾಗ ಕಟ್ಟಿ ಹಾಕಿದ. ನೀ ಉಳದಿ. ಆದ್ರ ನನಗ ಅಂಜಿಕಿ ಹೋಗಲಿಲ್ಲೋ. ಮಾರಿ ಮುಚಿಗೊಂಡ ನಿನ್ನ ಸಾಕಿದೆ.”

ಆಮೇಲೆ ಅಮಾತೆಪ್ಪ ಎದ್ದು ಹಾರ ತೆಗೆದ, ಫೋಟೋ ಇಳಿಸಿದ, ಭಂಡಾರ ಒರೆಸಿದ. “ನನಗಂತೂ ಅವ್ವ ಸಿಗಲಿಲ್ಲ. ಈ ಕೂಸಿಗೆ ಸಿಗಲಿ ನಡ್ರಿ,” ಎಂದ. ಕುರಿ ಸಾಗಿಸುವ ಅವನ ಮೂರು ಗಾಲಿಯ ಟಂಟಂನಲ್ಲಿ ಮೂವರೂ ಹೊರಟರು. ದಾರಿಯಲ್ಲಿ ಒಂದು ಕಡೆ ಗಾಡಿ ನಿಲ್ಲಿಸಿ ರಾಮವ್ವ ಜಾಲಿಯ ಮುಳ್ಳು ಮುರಿದುಕೊಂಡಳು.

*

ಕೆರೂರಿಗೆ ಬರುವಷ್ಟರಲ್ಲಿ ಪಡುವಣದಿಂದ ಗಾಳಿ ಎದ್ದಿತ್ತು. ಇನ್ನೂ ಮಧ್ಯಾಹ್ನ. ಆದರೆ ಕೆಂಪು ಧೂಳು ಸೂರ್ಯನನ್ನು ನುಂಗಿ ಊರೆಲ್ಲ ಕಂದು ಕತ್ತಲಾಗಿತ್ತು. ಅಂಗಡಿಯ ತಗಡು ಬಡಿದುಕೊಳ್ಳುತ್ತಿತ್ತು. ಕರೆಂಟು ಹೋಗಿತ್ತು. ಕರೆಂಟು ಹೋದಾಗ ಕಂಪ್ಯೂಟರು ನಡೆಸುವ, ಮೇಜಿನ ಕೆಳಗಿನ ಬ್ಯಾಟರಿ ಡಬ್ಬಿ ಪೀಪ್ ಪೀಪ್ ಎನ್ನುತ್ತಿತ್ತು. ಒಳಗೆ ಪದ್ಮವ್ವನ ತೊಡೆಯ ಮೇಲೆ ಕೂಸು ಬಾಯಿ ತೆರೆದು ಬತ್ತಿದ ದನಿಯಲ್ಲಿ ಸಣ್ಣಗೆ ಅಳುತ್ತಿತ್ತು. ರಾಜಶ್ರೀ ಹಿತ್ತಲ ಬಾಗಿಲಲ್ಲಿ, ಕೂಸಿಗೆ ಕಾಣದ ಹಾಗೆ, ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವಳ ಕುಪ್ಪಸ ಹಾಲಿನಿಂದ ತೊಯ್ದಿತ್ತು.

“ಆ ಮಂತ್ರದಾಂವ ಕೆರೆಯೂದು ನೋಡೀನಿ,” ಎಂದಳು ರಾಮವ್ವ. “ಏನಂದು ಕೆರದ ಅನ್ನೂದು ಗೊತ್ತಿಲ್ಲ ತಮ್ಮಾ. ಅಷ್ಟ ನನಗ ತಿಳದಿದ್ದು.”

ಮಹಾಂತೇಶ ಹಳೇ ಫೋಟೋವನ್ನು ಮೇಜಿನ ಮೇಲಿಟ್ಟ. ಮುಳ್ಳಿನ ತುದಿಯನ್ನು ಎಡಗಣ್ಣಿನ ಮೇಲೆ ಇಟ್ಟ. ಕೆರೆದ. ಒಂದೇ ಸಲ.

ಹಿತ್ತಲಿನಿಂದ ರಾಜಶ್ರೀ ಕೂಗಿದಳು.

ಅವನು ಓಡಿದ. ಅವಳು ಎಡಗಣ್ಣಿನ ಮೇಲೆ ಕೈ ಒತ್ತಿ ಕುಸಿದಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

“ಅಯ್ಯ ಶಿವನ!” ರಾಮವ್ವ ತಲೆ ಚಚ್ಚಿಕೊಂಡಳು. “ಅವತ್ತು ಕೆರೆದಿದ್ದು ಸತ್ತಾಕಿ ಮಾರಿ. ಇದು ಬದುಕಿದಾಕಿದು. ನನಗ ಹೊಳೀಲಿಲ್ಲೋ. ಹೊಳೀಲಿಲ್ಲ.”

“ಏನ ಮಾಡಬೇಕಿನ್ನ?”

“ಗೊತ್ತಿಲ್ಲೋ ಯಪ್ಪಾ. ಗೊತ್ತಿಲ್ಲ.”

ಪದ್ಮವ್ವನ ತೊಡೆಯ ಮೇಲೆ ಕೂಸು ಬಾಯಿ ಮುಚ್ಚಿತು. ಅಳು ನಿಂತಿತು. ಆ ಮೌನ ಅಳುವಿಗಿಂತ ಕೆಟ್ಟದ್ದಾಗಿತ್ತು.

ಮಹಾಂತೇಶ ಅಂಗಡಿಯ ನಡುವೆ ನಿಂತ. ಮಂತ್ರ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ತನ್ನ ಕೆಲಸ ಒಂದೇ. ಆ ಜಾಗ ಇನ್ನು ಖಾಲಿ ಆಗುವುದಿಲ್ಲ. ತೋರಿಸಿದ ಕಡೆಯಿಂದ ತೆಗೆದುಕೊಂಡು ತುಂಬಿಕೊಂಡಿದೆ. ಅವನು ರಾಜಶ್ರೀಯನ್ನು ತೋರಿಸಿದ್ದ, ಅದು ರಾಜಶ್ರೀಯನ್ನು ತೆಗೆದುಕೊಂಡಿತು. ಬೇರೆ ಕಡೆ ತೋರಿಸಿದರೆ?

ಅಮಾತೆಪ್ಪನಿಗೂ ಅದು ಹೊಳೆಯಿತು. “ನಂದು ಹಚ್ಚರಿ,” ಎಂದ. “ನಾ ಆಕಿ ಮಗಾ. ಬಂದ್ರ ನನಗ ಬರಲಿ.”

“ನಿಮ್ಮ ಮನ್ಯಾಗೂ ಮಮ್ಮಗ ಅದಾನ ಅಮಾತೆಪ್ಪ. ಆ ಜಾಗಾ ತುಂಬಿದಾಂವ ನಾ.”

ಹಳೇ ಫೋಟೋವನ್ನು ಸ್ಕ್ಯಾನರಿಗೆ ಹಾಕಿದ. ಹಸಿರು ಬೆಳಕು ಮುಚ್ಚಳದ ಕೆಳಗೆ ಹರಿಯಿತು. ಒಳಗಿಂದ ಉಗುರಿನಿಂದ ಗಾಜು ಕೆರೆದಂಥ ಸದ್ದು. ಅಮಾತೆಪ್ಪ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ಪರದೆಯ ಮೇಲೆ ಬೋರವ್ವನ ಮೈ ಬಂತು, ಸೆರಗು ಬಂತು, ರಾಜಶ್ರೀಯ ಮುಖ ಬಂತು. ಎಡಗಣ್ಣಿನಲ್ಲಿ ಗೀರು. ಮೌಸಿನ ಬಾಣ ಹೋದ ಕಡೆ ಬಲಗಣ್ಣು ತಿರುಗುತ್ತಿತ್ತು.

ಅವನ ಒಂದು ಫೋಟೋವೂ ಕಂಪ್ಯೂಟರಿನಲ್ಲಿ ಇರಲಿಲ್ಲ. ಎಲ್ಲರ ಫೋಟೋ ತೆಗೆಯುವವನನ್ನು ತೆಗೆದವರು ಯಾರು? ಮೊಬೈಲು ಎತ್ತಿ ತಾನೇ ಹೊಡೆದುಕೊಂಡ. ವೈರು ಸಿಕ್ಕಿಸಿದ. ತನ್ನ ಮುಖವನ್ನು ಪಕ್ಕದಲ್ಲಿ ತೆರೆದ.

ಬ್ಯಾಟರಿಯ ಪೀಪ್ ಜೋರಾಯಿತು.

ಕಂಟ್ರೋಲ್ ಒತ್ತಿದ. ತನ್ನ ಎಡಗಣ್ಣು ತೋರಿಸಿದ. ಅವಳ ಎಡಗಣ್ಣಿನ ಮೇಲೆ ತಿಕ್ಕಿದ. ಅವನ ಮುಖದ ಮೇಲೆ ಯಾರೋ ತಣ್ಣನೆಯ ಒದ್ದೆ ಬಟ್ಟೆ ಎಳೆದ ಹಾಗಾಯಿತು. ಕಣ್ಣು ಬಂತು. ಬಂದದ್ದು ಅಳಿಸಿಹೋಯಿತು. ರಾಜಶ್ರೀಯ ಕಣ್ಣು ಮರಳಿ ಬಂತು. ಮತ್ತೆ ತಿಕ್ಕಿದ. ಮತ್ತೆ ಅಳಿಸಿಹೋಯಿತು.

“ಬಿಡಬ್ಯಾಡ,” ಎಂದಳು ರಾಮವ್ವ ಬೆನ್ನ ಹಿಂದೆ. “ತಮ್ಮಾ, ಬಿಡಬ್ಯಾಡ.”

ತಿಕ್ಕಿದ. ಹುಳಿತ ಹಾಲಿನ ನಾತ ಗಂಟಲಿಗೆ ಇಳಿಯಿತು. ತಿಕ್ಕಿದ. ಕಣ್ಣು ನಿಂತಿತು. ಬಲಗಣ್ಣು. ಮೂಗು. ಬೆರಳು ಮರಗಟ್ಟಿತು. ಮೀಸೆ. ತುಟಿ. ಪೀಪ್ ಪೀಪ್ ಎಂಬುದು ಒಂದೇ ಉದ್ದನೆಯ ಕೂಗಾಯಿತು. ಗದ್ದ. ಗದ್ದದ ಕೆಳಗೆ ಇನ್ನೊಂದು ಚೂರು. ರಾಜಶ್ರೀಯ ತೊಗಲಿನ ಒಂದು ಚೂರು. ತಿಕ್ಕಿದ. ಹೋಯಿತು. ಉಳಿಸುವ ಗುಂಡಿ ಒತ್ತಿದ.

ಬ್ಯಾಟರಿ ಸತ್ತಿತು. ಪರದೆ ಕಪ್ಪಾಯಿತು.

ಗಾಳಿಯೂ ಒಮ್ಮೆಲೇ ನಿಂತಿತ್ತು. ಕತ್ತಲೆಯಲ್ಲಿ ಯಾರೂ ಅಲುಗಲಿಲ್ಲ. ನಾತ ಮೆಲ್ಲಗೆ ತೆಳುವಾಯಿತು. ಒಳಗಿನ ಖೋಲಿಯಲ್ಲಿ ಕಾಲು ಸರಿದ ಸದ್ದು. ಪದ್ಮವ್ವನ ದನಿ: “ಬಾ ಯವ್ವಾ, ಕೈ ಚಾಚಾಕತ್ತೈತಿ, ನಿನ್ನ ನೋಡೇ ಕೈ ಚಾಚಾಕತ್ತೈತಿ.” ಆಮೇಲೆ ಗುಟುಕು. ಒಂದು ಗುಟುಕು. ಇನ್ನೊಂದು. ಉಸಿರು ಎಳೆದುಕೊಳ್ಳದೆ ಕುಡಿಯುವ ಕೂಸಿನ ಗುಟುಕುಗಳು.

ಮಹಾಂತೇಶ ಅತ್ತ. ಅಳುತ್ತಲೇ ಒಳಗೆ ಹೋದ. ರಾಜಶ್ರೀ ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಇನ್ನೊಂದರಲ್ಲಿ ಕೂಸನ್ನು ನೋಡುತ್ತ ಕೂತಿದ್ದಳು. ಕೂಸಿನ ಕೈ ಅವಳ ಗದ್ದದ ಮೇಲಿತ್ತು.

“ಮಹೇಶಾ,” ಎಂದ ಅವನು ಮಗಳ ಮುದ್ದಿನ ಹೆಸರು ಹಿಡಿದು.

ಕೂಸು ಎದೆ ಬಿಟ್ಟು ತಿರುಗಿ ನೋಡಿತು. ಅವನ ಮುಖ ನೋಡಿತು. ಅದರ ಬೆನ್ನು ಬಿಲ್ಲಾಗಿ ಬಾಗಿತು.

ಅವನು ಕೈಗಳಿಂದ ಮುಖ ಮುಚ್ಚಿಕೊಂಡು ಹೊರಗೆ ಓಡಿದ.

*

ಚೌಕಟ್ಟಿನ ಪ್ರತಿಯನ್ನೂ ಹಳೇ ಫೋಟೋವನ್ನೂ ಅಮಾತೆಪ್ಪ ತೆಗೆದುಕೊಂಡು ಹೋಗಿ ಯಾರ ಕೈಗೂ ಸಿಗದ ಹಾಗೆ ಇಟ್ಟಿದ್ದಾನೆ. ಹಳೇದರಲ್ಲಿ ಸೆರಗು ಹೊದ್ದು, ಬಳೆ ಹಾಕಿಕೊಂಡು, ಮೀಸೆಯ ಗಂಡಸೊಬ್ಬ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ. ನೋಡಿದರೆ ನಗು ಬರಬೇಕು. ನೋಡಿದ ಅಮಾತೆಪ್ಪ, ರಾಮವ್ವ ಇಬ್ಬರಿಗೂ ಬರಲಿಲ್ಲ.

ಮಹಾಂತೇಶ ಈಗ ಇಳಕಲ್ಲಿನಲ್ಲಿ ಒಬ್ಬರ ಸ್ಟುಡಿಯೋದಲ್ಲಿ ದುಡಿಯುತ್ತಾನೆ. ಮದುವೆಯ ಆಲ್ಬಮ್ ಮಾಡುತ್ತಾನೆ. ಹಳೇ ಫೋಟೋ ಬಂದರೆ ಕಲೆ ತೆಗೆಯುತ್ತಾನೆ, ಮಡಿಕೆ ಅಳಿಸುತ್ತಾನೆ. ಮುಖ ಮಾಡಿಕೊಡು ಅಂದರೆ ಬರುವುದಿಲ್ಲ ಅನ್ನುತ್ತಾನೆ. ಕೆರೂರಿನ ಅಂಗಡಿಯನ್ನು ರಾಜಶ್ರೀ ನಡೆಸುತ್ತಾಳೆ. ಜೆರಾಕ್ಸು, ಪಾಸ್‌ಪೋರ್ಟ್ ಫೋಟೋ. ಎಡಗಣ್ಣು ಅವಳಿಗೆ ಮಬ್ಬಾಗಿಯೇ ಉಳಿಯಿತು. ದಿನಾ ಸಂಜೆ ಫೋನು ಮಾಡಿ ಕೂಸು ಏನು ತಿಂದಿತು, ಹೇಗೆ ಗೋಡೆ ಹಿಡಿದು ನಿಂತಿತು ಎಂದು ಹೇಳುತ್ತಾಳೆ. ಅವನು ಕೇಳಿಸಿಕೊಳ್ಳುತ್ತಾನೆ. ಅವನ ದನಿ ಹೊರಗೆ ಬಿದ್ದರೆ ಕೂಸು ನಡುಗುತ್ತದೆ, ಆದ್ದರಿಂದ ಅವನು ಮಾತಾಡುವುದಿಲ್ಲ.

ಮಗಳು ಉಳಿದಳು. ಅವಳಿಗೆ ತಾಯಿ ಉಳಿದಳು. ತಂದೆ ಉಳಿಯಲಿಲ್ಲ.